ಕಟ್ಟೆಯ ಎತ್ತರ

ಹನ್ನೊಂದು ವರ್ಷ ಈ ಅಡುಗೆಮನೆಯಲ್ಲಿ
ನಾನು ನೆಟ್ಟಗೆ ನಿಂತವನಲ್ಲ.
ಈರುಳ್ಳಿ ಹೆಚ್ಚುವಾಗ, ಮೀನಿನ ಮುಳ್ಳು ಬಿಡಿಸುವಾಗ
ತಪ್ಪೊಪ್ಪಿಕೊಳ್ಳುವವನ ಹಾಗೆ ಬಾಗಿ,
ರಾತ್ರಿ ಸೊಂಟಕ್ಕೆ ಬಿಸಿನೀರಿನ ಚೀಲ.

ಕಟ್ಟೆ ಇರುವುದು ನನ್ನ ತೊಡೆಯ ಮಟ್ಟಕ್ಕೆ.
‘ಬೊರ್ಗಿಲ್ಡ್ ಅಜ್ಜಿ ಗಿಡ್ಡಕ್ಕಿದ್ದಳಂತೆ,’ ಎನ್ನುತ್ತಾಳೆ ಟೋರುನ್,
‘ಅವಳ ಅಳತೆಗೆ ಅಜ್ಜ ಕಟ್ಟಿದ್ದು.’
ಇವಳು ಕಂಡವಳಲ್ಲ. ಇವಳಪ್ಪ ಹೇಳಿದ್ದು,
ಅವನೂ ಯಾರದೋ ಬಾಯಲ್ಲಿ ಕೇಳಿದ್ದು.
ಒಂದೇ ಒಂದು ಪಟವಿದೆ:
ಅದರಲ್ಲಿ ಅಜ್ಜಿ ಕೂತಿದ್ದಾಳೆ.

ಈ ವಸಂತಕ್ಕೆ ಮನೆ ರಿಪೇರಿ ಎಂದು ಗಟ್ಟಿಯಾಯಿತು.
ಟೋರುನ್ ಬಣ್ಣದ ಚೀಟಿಗಳನ್ನು ಗೋಡೆ ತುಂಬ ಅಂಟಿಸಿದಳು.
‘ಮಂಜಿನ ಬೂದು’, ‘ಓಟ್ಸ್ ಗಂಜಿ’, ‘ಕಡಲಹಕ್ಕಿಯ ಮೊಟ್ಟೆ’.
ಬೆಳಿಗ್ಗೆ ಒಂದು ಚೆಂದ, ದೀಪ ಹಚ್ಚಿದರೆ ಇನ್ನೊಂದು.
ಸುನ್ನಿವಾಗೆ ಮಾತ್ರ ಎಲ್ಲ ಹೊತ್ತಲ್ಲೂ ನೇರಳೆಯೇ ಬೇಕು.
ಹೊರಗೆ ಜಗಳವೇ ಇಲ್ಲ:
ರಸ್ತೆಯ ಕಡೆ ಬಿಳಿ, ಹಿತ್ತಲ ಕಡೆ ಕೆಂಪು.
ಬಿಳಿ ಬಣ್ಣಕ್ಕೆ ದುಡ್ಡು ಸುರಿಯಬೇಕಿದ್ದ ಕಾಲದಲ್ಲಿ
ಕಾಡ್ ಮೀನಿನೆಣ್ಣೆಗೆ ಕೆಮ್ಮಣ್ಣು ಕಲಸಿ
ಬೆನ್ನಿಗೆ ಬಳಿದುಕೊಂಡು
ಮುಖಕ್ಕಷ್ಟೇ ಪೌಡರು ಹಾಕಿಕೊಂಡ ಮನೆ ಇದು.
ಈಗ ದುಡ್ಡಿದೆ, ಆದರೂ ಹಾಗೇ ಇರಲಿ
ಎಂದರು ನೆರೆಯವರು, ಕೇಳದೆಯೇ.

ಬಡಗಿ ಲೆಶೆಕ್, ಪೋಲೆಂಡಿನವನು, ಮಿತಭಾಷಿ.
ನನ್ನನ್ನು ನಿಲ್ಲಿಸಿ ಮೊಣಕೈ ಮಡಚಿಸಿ
ಟೇಪು ಹಿಡಿದ, ದರ್ಜಿಯ ಹಾಗೆ.
ಹಳೆಯ ಹಲಗೆ ಎತ್ತಿದಾಗ ನೆಲದಲ್ಲಿ ಕಂಡವು
ಬಣ್ಣ ಸವೆದ ಎರಡು ಗುರುತು,
ಪಾದ ಊರಿ ನಿಂತ ಜಾಗ.
ಲೆಶೆಕ್ ತನ್ನ ಬೂಟನ್ನು ಪಕ್ಕಕ್ಕಿಟ್ಟು ನೋಡಿದ,
ಏನೋ ಅನ್ನಲು ಹೊರಟು, ಉಜ್ಜುಕಾಗದ ಎತ್ತಿಕೊಂಡ.

ಹಿಂಬಾಗಿಲ ಬಳಿಯ ಕಬ್ಬಿಣದ ಕೊಕ್ಕೆಯನ್ನೂ
ಕಿತ್ತುಬಿಡಲೇ ಎಂದು ಕೇಳಿದ.
‘ಬೇಡ, ಅದು ಅಜ್ಜಿಯ ಕೋಟಿನದು,’ ಎಂದಳು ಟೋರುನ್,
ಸ್ಟೂಲು ಹತ್ತಿ ಅದರ ಧೂಳು ಒರೆಸುತ್ತ.

ಹೊಸ ಕಟ್ಟೆ ಒಂದು ಗೇಣು ಮೇಲೆ ಬಂತು.
ಓಕ್ ಮರ, ಎಣ್ಣೆ ಕುಡಿದ ಹೊಳಪು.
ನಾನು ನೆಟ್ಟಗೆ ನಿಂತು ಕ್ಯಾರೆಟ್ ಹೆಚ್ಚಿದೆ,
ಕಿಟಕಿಯಲ್ಲಿ ಮೊದಲ ಸಲ ಸಮುದ್ರ ಕಂಡಿತು.
ಇಷ್ಟು ವರ್ಷ ಅಲ್ಲಿ ನಾನು ನೋಡಿದ್ದು ಬರೀ ಹೂಕುಂಡ.

ಗೃಹಪ್ರವೇಶವೆಂಬುದು ನಮ್ಮಲ್ಲಿಲ್ಲ.
ಬಾರ್ಲಿ ರೊಟ್ಟಿ ಮಾಡೋಣ, ನೂರು, ಹಿಂದಿನವರ ಹಾಗೆ
ಎಂದು ಹುರುಪಿನಿಂದ ಹಿಟ್ಟು ನಾದಿದೆವು.
ಗಟ್ಟಿ ಹಿಟ್ಟು. ಲಟ್ಟಣಿಗೆ ಒತ್ತಿದರೆ
ಅಂಗೈಯಗಲಕ್ಕೆ ನಿಂತು ಹಟ ಹಿಡಿಯಿತು.
ತೋಳು ನೋವು, ರೊಟ್ಟಿ ದಪ್ಪ, ಅಂಚು ಬಿರುಕು.
ಏಳನೆಯದಕ್ಕೆ ಟೋರುನ್ ಕಣ್ಣಲ್ಲಿ ನೀರು,
ಹಿಟ್ಟು ಹಾರಿದ್ದಕ್ಕೆ ಎಂದಳು.

ಸುನ್ನಿವಾ ತನ್ನ ಉಂಡೆಯನ್ನು ಕೊಟ್ಟಿಗೆಗೆ ಒಯ್ದಿದ್ದಳು,
ಎರಡು ಪೆಟ್ಟಿಗೆಗಳ ಮೇಲೆ ಮಲಗಿಸಿದ್ದ
ಆ ಹಳೆಯ ಹಲಗೆಯ ಬಳಿಗೆ.
ಕರೆಯಲು ಹೋದವನು ಸುಮ್ಮನೆ
ಅವಳ ಕೈಯಿಂದ ಲಟ್ಟಣಿಗೆ ತೆಗೆದುಕೊಂಡೆ.
ಬಾಗಿದೆ, ಹಳೆಯ ಅಭ್ಯಾಸ.
ಭುಜದ ಭಾರ ಮೇಲಿನಿಂದ ಇಳಿಯಿತು,
ಬೆನ್ನು, ಹೊಟ್ಟೆ, ಇಡೀ ದೇಹ ತೋಳಿನೊಳಗೆ ಇಳಿಯಿತು,
ಹಿಟ್ಟು ಹರಡಿತು, ಹಲಗೆಯ ಗೆರೆ ಕಾಣುವಷ್ಟು ತೆಳ್ಳಗೆ.

ನಾನು ಹಿಟ್ಟಿನ ಕೈಯಲ್ಲೇ ಹೋಗಿ
ಆ ಕೊಕ್ಕೆಯ ಕೆಳಗೆ ನಿಂತೆ.
ಅದು ನನ್ನ ಹಣೆಗಿಂತಲೂ ಮೇಲಿತ್ತು.

ಟೋರುನ್ ನೋಡಿದಳು. ಕೊಕ್ಕೆ, ನನ್ನನ್ನು, ಕೊಕ್ಕೆ.
‘ಅಯ್ಯೋ, ಉದ್ದಕ್ಕಿದ್ದಳು,’ ಎಂದಳು.

ಲೆಶೆಕ್ ಗೊಣಗಿದ: ಎರಡು ಎತ್ತರದ ಕಟ್ಟೆ ನೋಡಿದರೆ
ಮನೆ ಕೊಳ್ಳುವವರು ನಗುತ್ತಾರೆ.
ಮಾರುವುದಿಲ್ಲ ಎಂದೆವು.
ಹಳೆಯ ಹಲಗೆ ಕಿಟಕಿಯಾಚೆಯ ಮೂಲೆಗೆ ಮರಳಿತು, ತಗ್ಗಿನಲ್ಲೇ,
ಅದರ ಕಾಲುಗಳಿಗೆ, ಮಾತು ಕೊಟ್ಟಿದ್ದಕ್ಕೆ, ನೇರಳೆ ಬಣ್ಣ.

ಅಂದು ರಾತ್ರಿ ಟೋರುನ್ ಅಪ್ಪನಿಗೆ ಫೋನು ಮಾಡಿ
ಎಲ್ಲವನ್ನೂ ಹೇಳಿದಳು.
ಆ ಕಡೆ ಬಹಳ ಹೊತ್ತು ಮಾತಿಲ್ಲ,
ರೇಡಿಯೋದಲ್ಲಿ ಹವಾಮಾನ ವರದಿ ಮಾತ್ರ.
ಆಮೇಲೆ ಮುದುಕ ಕೇಳಿದ:
‘ರೊಟ್ಟಿ ಎಷ್ಟು ತೆಳ್ಳಗೆ ಬಂತು?’