ತಿಳಿ

ಮೊದಲ ಸಲ ಸಂಖ್ಯೆ ಚೆನ್ನಾಗಿತ್ತು.
ರಂಜಕ ನಾಲ್ಕು ಪಾಯಿಂಟ್ ಆರು. ಆರು ವರ್ಷದ ಕೂಸಿಗೆ
ತಕರಾರಿಲ್ಲದ ಅಂಕಿ.
ಹೊಸಹಳ್ಳಿ ಸರ್ಕಲ್ಲಿನ ಸೈಕಲ್ ಶಾಪಿನ ಸಿದ್ದಪ್ಪಾಜಿ
ಕಾಗದ ಮಡಚಿ ಜೇಬಿಗಿಟ್ಟು
"ನಾರ್ಮಲ್ಲಂತೆ ಕಣವ್ವ" ಅಂತ ಮಗಳನ್ನು
ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ.
ಇಳಿಯುವಾಗ ಕಂಡೆ: ಅವನ ಮಂಡಿಗಳ ನಡುವೆ
ಒಂದು ತಂಬಿಗೆ ಹಿಡಿಸುವಷ್ಟು ಬೆಳಕು.

ಸಂಜೆ ಟ್ಯೂಬುಗಳನ್ನು ಎಸೆಯುವ ಮುಂಚೆ
ದೀಪಕ್ಕೆ ಹಿಡಿದು ನೋಡುವುದು ನನ್ನ ಚಾಳಿ.
ಹೆಪ್ಪಿನ ಮೇಲೆ ನಿಂತ ತಿಳಿ
ಬೇಳೆಕಟ್ಟಿನ ಹಾಗೆ ನಸುಹಳದಿ ಇರಬೇಕು.
ಅವಳದ್ದು ದಾಸವಾಳ ಕಿವುಚಿದ ನೀರು.

ತಪ್ಪು ನನ್ನದೇ. ಕೈ ಒದರಿದಳು, ಪಟ್ಟಿ ಬಿಗಿದೇ ಇತ್ತು,
ಸಣ್ಣ ಸೂಜಿಯಲ್ಲಿ ಅವಸರಪಟ್ಟು ಎಳೆದೆ.
ಕಣಗಳು ಒಡೆದು ಒಳಗಿನ ರಂಜಕವನ್ನೆಲ್ಲ
ತಿಳಿಗೆ ಚೆಲ್ಲಿಕೊಂಡವು.
ಇಲ್ಲದವರ ಮನೆಗೆ ನೆಂಟರು ಬಂದಾಗ
ಪಕ್ಕದ ಮನೆಯಿಂದ ತಂದಿಟ್ಟ ಲೋಟಗಳು.
ನನ್ನ ಮಷೀನು ಲೋಟ ಎಣಿಸಿತು,
ಯಾರವು ಅಂತ ಕೇಳಲಿಲ್ಲ.

ಫೋನು ಮಾಡಲು ಒಂದು ರಾತ್ರಿ ಬೇಕಾಯಿತು.
ಕೊಟ್ಟ ಸಾಲ ಕೇಳಬಹುದು,
ಕೊಟ್ಟ ಒಳ್ಳೆ ಸುದ್ದಿ ವಾಪಸು ಕೇಳುವುದು ಹೇಗೆ?

ಬಂದರು. ಖಾಲಿ ಹೊಟ್ಟೆ, ಬೆಳಗ್ಗೆ ಏಳು ಗಂಟೆ,
ಮೈಷುಗರ್ ಕಡೆಯಿಂದ ಕಾಕಂಬಿಯ ಹುಳಿವಾಸನೆ.
ತನುಶ್ರೀ ಕೈ ಬೆನ್ನ ಹಿಂದೆ ಬಚ್ಚಿಟ್ಟಳು.
"ನೆನ್ನೇನೇ ಕೊಟ್ನಲ್ಲ?"
ನಿಜ. ಕೊಟ್ಟಿದ್ದಳು.
ಈ ಸಲ ಪಟ್ಟಿ ಸಡಿಲಿಸಿ ಅವಳ ಮಾತಿಗೆ ಕಾದೆ.
ಸ್ಕೂಲಲ್ಲಿ ಮೊಟ್ಟೆ ಕೊಟ್ಟಿದ್ದು, ಓಟದಲ್ಲಿ ಕೊನೆ ಬಂದಿದ್ದು,
"ನನ್ ಕಾಲು ಒಂದಕ್ಕೊಂದು ಮುನಿಸ್ಕಂಡವೆ" ಅಂದಿದ್ದು.
ರಕ್ತ ತಾನಾಗಿ ಬಂತು.

ತಿಳಿ ತಿಳಿಯಾಗಿತ್ತು.
ರಂಜಕ ಎರಡು ಪಾಯಿಂಟ್ ಒಂದು.
ಕ್ಯಾಲ್ಸಿಯಂ, ಏನೂ ಅರಿಯದವರ ಹಾಗೆ, ತನ್ನ ಜಾಗದಲ್ಲಿ.
ಆಲ್ಕಲೈನ್ ಫಾಸ್ಫಟೇಸ್ ಎಂಟುನೂರ ಹನ್ನೆರಡು:
ಗಾರೆ ಸಿಗದ ಗೋಡೆಯ ಮುಂದೆ ನಿಂತು ಮೇಸ್ತ್ರಿ
ಕೂಗುತ್ತಲೇ ಇದ್ದಾನೆ, ತನ್ರೋ, ತನ್ರೋ.

ಡಾಕ್ಟರು ಅಪ್ಪನ ಮಂಡಿ ನೋಡಿ
"ನಿಮ್ಮದೂ ಕೊಡಿ" ಅಂದರು. ಅವನಿಗೆ ನಗು.
"ನಂದು ಚಿಕ್ಕಂದ್ನಿಂದ ಬೆಂಡು ಸಾ, ಪೆಡ್ಲು ತುಳ್ದು ತುಳ್ದು."
ಅವನದು ಒಂದು ಪಾಯಿಂಟ್ ಎಂಟು.
ಆಲ್ಕಲೈನ್ ಮಾತ್ರ ಎಲ್ಲರ ಹಾಗೆ.
ನೋವಿಲ್ಲ ಅಂತಲ್ಲ.
ಮೂವತ್ತೆಂಟು ವರ್ಷ ಕೂಗಿದ ಮೇಸ್ತ್ರಿ
ಬೀಡಿ ಹಚ್ಚಿ ಕೂತಿದ್ದಾನೆ.

ಹೆಣ್ಣುಮಕ್ಕಳಿಗೆಲ್ಲ ತಪ್ಪದೆ ಹೋಗುವ ಆಸ್ತಿ,
ಗಂಡುಮಗನಿಗೆ ಚೂರೂ ಇಲ್ಲ.
ಡಾಕ್ಟರು ಗೆರೆ ಎಳೆದು ತೋರಿಸಿದರು.
ಅವನು ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ,
ರಿಮ್ಮು ತಿರುಗಿಸಿ ಯಾವ ಕಡ್ಡಿ ಸಡಿಲ ಅಂತ
ಹುಡುಕುವ ಕಣ್ಣಲ್ಲಿ.

ಈಗ ಮೂರು ತಿಂಗಳಿಗೊಮ್ಮೆ ಬರುತ್ತಾಳೆ.
ದಿನಕ್ಕೆ ಐದು ಸಲ ಕುಡಿಯುವ ಔಷಧಿ
"ಬಳಪ ನೆಕ್ಕಿದಂಗೆ" ಅನ್ನುತ್ತಾಳೆ.
ಎಂಟುನೂರ ಹನ್ನೆರಡು, ಏಳುನೂರ ಮೂವತ್ತು, ಆರುನೂರ ಐವತ್ತೈದು.
ಕೂಗು ತಗ್ಗುತ್ತಿದೆ.
ರಂಜಕ ಇನ್ನೂ ಎರಡೂವರೆಯ ಆಸುಪಾಸು.
ಅದನ್ನು ಏರಿಸುವ ಹಟ ಬೇಡ, ಕಿಡ್ನಿಯಲ್ಲಿ ಸುಣ್ಣ ಕಟ್ಟುತ್ತೆ,
ಮೇಸ್ತ್ರಿಯ ದನಿ ಕೇಳಿ ಸಾಕು ಅಂತಾರೆ ಡಾಕ್ಟರು.

ಟ್ಯೂಬು ಸುತ್ತಿ ನಿಲ್ಲುವವರೆಗೆ ಅವಳು ಹೋಗುವುದಿಲ್ಲ.
"ನಂದು ಬೇಳೆಕಟ್ಟಾ, ದಾಸ್ವಾಳನಾ?"
ಸ್ಟೂಲಿನ ಮೇಲೆ ನಿಲ್ಲಿಸಿ ದೀಪಕ್ಕೆ ಹಿಡಿದು ತೋರಿಸುತ್ತೇನೆ.
ಅವಳು ತಿಳಿ ನೋಡುತ್ತಾಳೆ.
ನಾನು ಮಂಡಿಗಳ ನಡುವೆ ನೋಡುತ್ತೇನೆ.
ಬೆಳಕಿದೆ ಇನ್ನೂ,
ಒಂದು ಲೋಟದಷ್ಟು.