ನಾಲ್ಕೂ ಸರಿ

ಮೂವತ್ತೊಂದು ವರ್ಷ ಸೀಟಿ ಊದಿದ ಬಾಯಿ ಇದು.
ಊದಿದ್ರ ಹಾವೇರಿ ಹೈಸ್ಕೂಲಿನ ನಾನೂರು ಹುಡುಗರು ಒಂದ ಗೆರಿ.
ಸಾವಧಾನ್ ಅಂದ್ರ ಸಾವಧಾನ್.
ಯಾಕ ಸರ್ ಅಂದಾಂವಗ ಮೈದಾನ ಮೂರು ಸುತ್ತು.

ಈಗ ರಾತ್ರಿ ಹನ್ನೊಂದು.
ಹೊಲಿಗಿ ಮಷಿನ್ನಿನ ಮುಚ್ಚಳದ ಮ್ಯಾಲ ಪುಸ್ತಕ ಹರವಿಕೊಂಡು
ಇಂಗ್ಲಿಷ್ ಸಾಲಿನ ನೆತ್ತಿಗೆ ಪೆನ್ಸಿಲ್ಲಿನ ಕನ್ನಡ ಹಚ್ಚಾಕತ್ತೇನಿ.
ಹೆಲ್ತ್ ಕೋಚ್ ಪರೀಕ್ಷಾ. ಇನ್ನ ಹತ್ತೊಂಬತ್ತು ದಿನ.
"ಮಂದಿ ರಿಟೈರಾಗಿ ಗುಲಾಬಿ ಹಚ್ತಾರ,
ನೀವು ಲೈಟ್ ಹಚ್ಚೀರಿ" ಅಂತಾಳ ಸಾವಂತ್ರಿ
ಚಾದರ ಮುಖದ ಮ್ಯಾಲ ಎಳಕೊಂಡು.

ಕ್ಲೈಂಟ್ ಅಂತ ಪುಟಕ್ಕ ಹತ್ತು ಸಲ ಬರತದ.
ಕಕ್ಷಿದಾರ ಅಂದ್ರ ಕೋರ್ಟಿನ ಧೂಳು,
ಗಿರಾಕಿ ಅಂದ್ರ ಸಂತಿ ಗದ್ದಲ,
ರೋಗಿ ಅನ್ನೂ ಹಂಗ ಇಲ್ಲ.
ಕಡೀಕ "ಬಂದಾವರು" ಅಂತ ಬರಕೊಂಡೆ.

ಬಂದಾವರಿಗೆ ಬುದ್ಧಿ ಹೇಳಬಾರದು. ಕೆಂಪು ಗೆರಿ.
ಬಂದಾವರನ್ನ ಯಾಕ ಅಂತ ಕೇಳಬಾರದು,
ಕೇಳಿದ್ರ ಠಾಣೇದಾಗ ಕುಂದ್ರಿಸಿದಂಗ ಆಗ್ತದಂತ.
ನೋಡ್ರಿ ಇದು!
ಅಷ್ಟು ವರ್ಷ ಹುಡುಗರಿಗೆ ನಾ ಬಂದ್ ಮಾಡಿದ ಶಬ್ದ
ತಿರುಗಿ ಬಂದು ನನಗ ಬಂದ್ ಆತು.

ಪ್ರಶ್ನೆ ನಲವತ್ತೇಳು.
ವಾಕಿಂಗ್ ನಿಲ್ಲಿಸಿದವರಿಗೆ ಮೊದಲು ಏನು ಮಾಡುವಿರಿ?
ಅ: ನಡಿಗೆಯ ಲಾಭ ವಿವರಿಸುವೆ.
ಆ: ಸಣ್ಣ ಗುರಿ ಕೊಡುವೆ.
ಇ: ಅಡ್ಡಿ ಏನೆಂದು ಕೇಳುವೆ.
ಈ: ವೈದ್ಯರ ಬಳಿ ಕಳಿಸುವೆ.
ಯಾವುದೂ ತಪ್ಪಲ್ಲ, ಅತ್ಯಂತ ಸೂಕ್ತವಾದದ್ದನ್ನು ಆರಿಸಿ.

ನಾಲ್ಕೂ ಸರಿ ಇದ್ದ ಮ್ಯಾಲ ತಪ್ಪು ಯಾರದು?
ಅ ಹಾಕಿದೆ. ತಪ್ಪು ನಂದು.

ಪ್ರಾಕ್ಟೀಸಿಗೆ ಒಪ್ಪಿದಾಕಿ ಬೇಬಿಜಾನ್,
ಏಲಕ್ಕಿ ಮಾಲಿ ಕಟ್ಟೂ ಕೈ, ಶುಗರ್ ಇನ್ನೂರ ಎಂಬತ್ತು.
ಕೆಲಸ ಬಿಡೂದಿಲ್ಲ, ಕಟ್ಟಿಕೋತ ಮಾತಾಡ್ತೇನಿ ಅಂದ್ಲು.
"ನಡಿಗಿ ಅಂದ್ರ ನಿಮಗ ಏನು ಅನಸ್ತದ?"
ಪುಸ್ತಕ ಹೇಳಿದಂಗ ಕೇಳಿದೆ.
ಸೂಜಿ ಹೋತು, ಬಂತು. ಒಂದು ಏಲಕ್ಕಿ. ಇನ್ನೊಂದು.
ಸುಮ್ಮನಿರಬೇಕಂತ, ಎಂಟು ಎಣಿಸಬೇಕಂತ.
ಸುಮ್ಮನಿರ್ರಿ ಅಂತ ಸಾವಿರ ಸಲ ಒದರಿದಾಂವ ನಾ,
ಸುಮ್ಮನ ಇದ್ದದ್ದು ಇದ ಮೊದಲ.
ಏಕ್ ದೋ ತೀನ್ ಚಾರ್
ಕೈ ತಾನ ಎದಿ ಹತ್ರ ಹೋತು,
ಅಲ್ಲಿ ಸೀಟಿ ಇಲ್ಲ, ಅಂಗಿ ಗುಂಡಿ
ಪಾಂಚ್ ಛೇ

"ಮಾಸ್ತರ, ಕಾಲು ಒಲ್ಲೆ ಅನ್ನೂದಿಲ್ಲ.
ಹೊರಗ ಬಿದ್ರ ಓಣಿ ತುಂಬ ಒಂದ ಮಾತು,
ಎಲ್ಲಿಗೆ ಹೊಂಟಿ ಬೂಬೂ?
ಎಲ್ಲಿಗೂ ಇಲ್ಲ ಅಂತ ಹೆಂಗಸು ಹೆಂಗ ಹೇಳಬೇಕು?"

ನನ್ನ ಕಡೆ ಇದ್ದದ್ದು ನಾಲ್ಕ.
ಐದನೇದು ಆಕೀನ ತಗದ್ಲು, ದಾರ ಹಲ್ಲಿಲೆ ಕಡದು:
"ಒಂದು ಚೀಲ ಹಿಡಕೊಂಡು ಹೋಗ್ತೇನಿ ತಗೋರಿ. ಖಾಲಿ ಚೀಲ.
ಚೀಲ ಇದ್ರ ಯಾರೂ ಕೇಳೂದಿಲ್ಲ."

ಅವತ್ತು ಬರೂ ದಾರ್ಯಾಗ ಎರಡು ಮಿರ್ಚಿ ತಿಂದೆ.
ಮಂದಿಗೆ ಕೋಚ್ ಆಗೂ ಮನಷ್ಯಾ ತಿಂದ.
ಇದನ್ನೂ ನೋಟ್ಸಿನ್ಯಾಗ ಬರದಿಟ್ಟೇನಿ.

ಪರೀಕ್ಷಾ ದಿನ ಹುಬ್ಬಳ್ಳಿ ಬಸ್ಸಿನ ಕಿಟಕಿಗೆ ಕುಂತೆ,
ಹಾಲ್ ಟಿಕೆಟ್ ಎರಡು ಸಲ ಮುಟ್ಟಿ ನೋಡಕೊಂಡು.
ಆರೂವರಿ ಬೆಳಕಿನ್ಯಾಗ ಸ್ಟ್ಯಾಂಡಿನ ಮುಂದ ಬೇಬಿಜಾನ್.
ಚೀಲ ಗಾಳಿ ತುಂಬಿಕೊಂಡು
ಆಕಿಗಿಂತ ಒಂದು ಹೆಜ್ಜಿ ಮುಂದ.
ತಲಿ ಹೊರಗ ಹಾಕಿ "ಎಲ್ಲಿಗೆ ಹೊಂ" ಅಂದಾಂವ
ಉಳದದ್ದನ್ನ ನುಂಗಿದೆ.
ಆಕೀನ ಕೇಳಿದ್ಲು, "ನೀವು ಎಲ್ಲಿಗ್ರಿ ಮಾಸ್ತರ?"

ಕಂಡಕ್ಟರ್ ಸೀಟಿ ಊದಿದ.
ನನ್ನ ಬೆನ್ನು ತಾನ ನೆಟ್ಟಗಾತು.