ಮೂಗು ಹೋದ ಮೇಲೆ

ಆ ವರ್ಷದ ಜ್ವರ ನನ್ನನ್ನು ಬಿಟ್ಟಿತು,
ಮೂಗನ್ನು ಮಾತ್ರ ವಾಪಸು ಕೊಡಲಿಲ್ಲ.
ದಕ್ಕೆಯ ಗೇಟಿನೆದುರು ಆರು ಬೆಂಚಿನ ಹೋಟೆಲು ನನ್ನದು;
ಡೀಸೆಲು, ಕೆಸರು, ಬಲೆ, ಒಗ್ಗರಣೆ
ಎಲ್ಲ ಈಗ ಒಂದೇ, ಬರೀ ಗಾಳಿ.

ಮೊದಲಾದರೆ ಬುಟ್ಟಿ ರಿಕ್ಷಾದಿಂದ ಇಳಿಯುವ ಮುಂಚೆ
ಹೇಳುತ್ತಿದ್ದೆ: ನಿನ್ನೆಯದು, ತಿರುಗಿಸು ಗಾಡಿ.
ಲೈಸೆನ್ಸು ಗೋಡೆಯಲ್ಲುಂಟು, ಗಾಜು ಹಾಕಿಸಿ.
ಅಸಲಿಯದು ಇದ್ದದ್ದು
ಈ ಮೂಗುಬೊಟ್ಟಿನ ಹಿಂದೆ.

ಈಗ ಕಿವಿರು ಎತ್ತಿ ನೋಡುತ್ತೇನೆ, ಕೆಂಪೋ ಕಂದೋ.
ಒತ್ತಿದ ಗುಳಿ ಎದ್ದು ಬರುತ್ತದೋ ಇಲ್ಲವೋ.
ಆಮೇಲೆ ಯತಿನನನ್ನು ಕರೆದು, ನೀನೊಮ್ಮೆ ಮೂಸು ಮಾರಾಯ.

ಆ ಬುಧವಾರ ಬಂಗುಡೆ.
ಐಸು ಮುಗಿದಿತ್ತು, ಟೆಂಪೋ ಕೆಟ್ಟಿತ್ತು,
ಬಿಸಿಲಿಗೆ ಎಷ್ಟು ಹೊತ್ತು ಕೂತಿತ್ತೋ ಬುಟ್ಟಿ.
ಹುಡುಗ ಮೂಸಿದ. ನನ್ನ ಮುಖ ನೋಡಿದ.
ಹೊರಗೆ ನಿಂತ ಗಿರಾಕಿಗಳನ್ನು ನೋಡಿದ.
"ಸರಿ ಉಂಟು ಅಕ್ಕ."
ಕಾವಲಿಯಲ್ಲಿ ಎರಡೆರಡು ಸಲ ಮಗುಚಿದೆ,
ಬೆಂಕಿಗೆ ಸಾಯದ್ದು ಯಾವುದುಂಟು ಅಂತ.

ಎರಡೂವರೆಗೆ ಫ್ಲೇವಿಯಾ ಬಾಯಿ ತಿರುಗಿ ಬಂದರು,
ಮುಖ ಕೆಂಡ, ತುಟಿಯಲ್ಲಿ ಉರಿ, ಎದೆ ಡಬಡಬ.
"ನನಗೆ ಅಲರ್ಜಿ ಇರಬೇಕು ವಾರಿಜಕ್ಕ" ಎಂದು
ಅವರೇ ನನಗೊಂದು ಬಾಗಿಲು ತೆರೆದಿಟ್ಟರು.
ಆ ಬಾಗಿಲಿನಿಂದ ನಾನು ಹೋಗಲಿಲ್ಲ,
ರಿಕ್ಷಾದಲ್ಲಿ ಅವರ ಜೊತೆ ಆಸ್ಪತ್ರೆಗೆ ಹೋದೆ.

ಸಣ್ಣ ಪ್ರಾಯದ ಡಾಕ್ಟರು ಹೇಳಿದರು:
ಬಂಗುಡೆ ಬಿಸಿಗೆ ಕೂತರೆ ಒಳಗೊಂದು ವಿಷ ಹುಟ್ಟುತ್ತದೆ;
ಹುಟ್ಟಿದ ಮೇಲೆ ಅದಕ್ಕೆ ಕಾವಲಿಯ ಹೆದರಿಕೆಯೂ ಇಲ್ಲ,
ಐಸಿನ ಹೆದರಿಕೆಯೂ ಇಲ್ಲ.
ಎಷ್ಟೋ ಸಲ ವಾಸನೆಯೂ ಇಲ್ಲ.

ವಾಸನೆಯೂ ಇಲ್ಲ.
ಹಾಗಾದರೆ ಹುಡುಗ ಸುಳ್ಳು ಹೇಳಿರಲಿಕ್ಕಿಲ್ಲ.
ಹಾಗಾದರೆ ಮೂಗು ಇದ್ದ ಮೂವತ್ತು ವರ್ಷ
ನಾನು ಬಡಿಸಿದ್ದೆಲ್ಲ—
ಯಾರ್ಯಾರು ರಾತ್ರಿ ಎದ್ದು ನೀರು ಕುಡಿದರೋ,
ಯಾರು ನಾಚಿಕೆಗೆ ನನಗೆ ಹೇಳದೆ ಹೋದರೋ.

ಈಗ ಬೆಳಗ್ಗೆ ಐದಕ್ಕೆ ಬೋಟಿನ ಬಳಿಯೇ ನಿಲ್ಲುತ್ತೇನೆ,
ಪೆಟ್ಟಿಗೆಯಲ್ಲಿ ಮೊದಲು ಐಸು, ಮತ್ತೆ ಮೀನು, ಮತ್ತೆ ಐಸು.
ಗಂಟೆ ಎಷ್ಟೆಂದು ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದು.
ಬೋಟಿನವರು ನಗುತ್ತಾರೆ, ನಗಲಿ.

ನೀವು ಕೂರಿ. ಇವತ್ತು ಬಂಗುಡೆ ಇಲ್ಲ.
ಮೀನು ಇತ್ತು, ಐಸು ಇರಲಿಲ್ಲ.
ಬಸಳೆ ಪದಾರ್ಥ ಉಂಟು, ಈಗಷ್ಟೇ ಇಳಿಸಿದ್ದು.
ಪರಿಮಳ ಹೇಗುಂಟು,
ಅದು ನೀವೇ ಹೇಳಬೇಕು.